ಹಾಲಿನ ಕ್ರೇಟು ಮತ್ತು ಹನ್ನೆರಡನೇ ಹಾರುಬಂಡಿ

ಐದನೇ ಸಲವೂ ಹಾರುಬಂಡಿಯ ಹೊಟ್ಟೆ ಕರಗಿರಲಿಲ್ಲ.

ಮೆರಿನ್ ಅಳತೆಪಟ್ಟಿಯನ್ನು ಚಿತ್ರದ ಮೇಲಿಟ್ಟಳು, ಎತ್ತಿದಳು, ಕನ್ನಡಕ ಒರೆಸಿಕೊಂಡು ಮತ್ತೆ ಇಟ್ಟಳು. ಹತ್ತು ಘನ ಮೀಟರ್. ಕಳೆದ ಭಾನುವಾರವೂ ಹತ್ತು, ಅದರ ಹಿಂದಿನ ಭಾನುವಾರವೂ ಹತ್ತು. ಬದಲಾಗಿದ್ದುದು ರೆಕ್ಕೆಯ ಮೇಲಿನ ಪಟ್ಟೆ ಮಾತ್ರ.

“ಇವೋ, ಹೊಟ್ಟೆ ಕಮ್ಮಿ ಮಾಡು ಅಂದಿದ್ದೆ.”

“ಉದ್ದುದ್ದ ಪಟ್ಟೆ ಹಾಕಿದೀನಲ್ಲ. ಸಣ್ಣ ಕಾಣತ್ತೆ. ನಮ್ಮ ಚಿಕ್ಕಮ್ಮ ಮದುವೆಮನೆಗೆ ಹಾಗೇ ಹೋಗೋದು.”

“ನಿಮ್ಮ ಚಿಕ್ಕಮ್ಮ ಹಡಗಿನ ಗೂಡೊಳಗೆ ಮಡಚ್ಕೊಂಡು ಕೂರಬೇಕಾಗಿಲ್ಲ.”

ಸೆಮಫೋರ್ ಬೀಚಿನ ಹಿಂದಿನ ಬೀದಿಯಲ್ಲಿ ಬೆವ್‌ಳ ಗ್ಯಾರೇಜು. ನಲವತ್ತೆರಡು ಡಿಗ್ರಿ ಬಿಸಿಲಿಗೆ ಶಟರ್ ಅರ್ಧ ಇಳಿದಿತ್ತು. ಫ್ಯಾನು ಕತ್ತು ತಿರುಗಿಸುತ್ತ ಇಬ್ಬರ ವಾದವನ್ನೂ ಸಮಾನವಾಗಿ ಕೇಳುತ್ತಿತ್ತು. ಎರಡು ವರ್ಷದಿಂದ ಪ್ರತಿ ಭಾನುವಾರ ಈ ಮೂವರು ಇಲ್ಲಿ ಕೂತು ಬಾಹ್ಯಾಕಾಶದ ಆಟ ಆಡುತ್ತಿದ್ದರು. ಕಥೆ ನಡೆಸುವವಳು ಬೆವ್. ದಾಳ ಉರುಳಿಸಿ, ಪಾತ್ರ ಹೊಕ್ಕು, ಸಾಯುವವರು ಇವರಿಬ್ಬರು. ಈಗ ಆ ಆಟಕ್ಕೊಂದು ಪುಸ್ತಕ: ಹನ್ನೆರಡು ಪುಟ್ಟ ಹಾರುಬಂಡಿಗಳು, ಒಂದೊಂದಕ್ಕೂ ಒಂದು ಹಕ್ಕಿಯ ಹೆಸರು. ಲೆಕ್ಕ ಮೆರಿನ್‌ಳದು, ಚಿತ್ರ ಇವೋನದು.

ಕಾನೂನು ಒಂದೇ. ಇಂಜಿನ್, ಇಂಧನ, ಸೀಟು, ಸಾಮಾನು ಎಲ್ಲ ಸೇರಿ ದೊಡ್ಡ ಬಾಹ್ಯಾಕಾಶ ಹಡಗಿನ ಆರು ಘನ ಮೀಟರಿನ ಗೂಡಿನೊಳಗೆ ಹಿಡಿಯಬೇಕು. ಇಂಥ ಪುಸ್ತಕ ಕೊಳ್ಳುವವರು ಅಳತೆಪಟ್ಟಿ ಹಿಡಿದೇ ಓದಲು ಕೂರುತ್ತಾರೆ. ಒಂದು ಗೇಣು ಹೆಚ್ಚಾದರೂ ಪತ್ರ ಬರೆಯುತ್ತಾರೆ. ಮೆರಿನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಅಂಥ ನಾಲ್ಕು ಪತ್ರಗಳನ್ನು ಅವಳೇ ಬರೆದಿದ್ದಳು.

ಹನ್ನೊಂದು ಬಂಡಿಗಳು ಪಾಸಾಗಿದ್ದವು. ಹನ್ನೆರಡನೆಯದು ಮುಖಪುಟಕ್ಕೆ. ಇದೊಂದರಲ್ಲಿ ಮಾತ್ರ ಮನುಷ್ಯನಿದ್ದ: ಹೆಲ್ಮೆಟ್ ಹಾಕಿ, ನಮಗೆ ಬೆನ್ನು ತೋರಿಸಿ, ಹಾಲಿನ ಕ್ರೇಟಿನ ಮೇಲೆ ನಿಂತು ಬಂಡಿ ಹತ್ತಲು ಹೊರಟ ಪೈಲಟ್. ಅವರದೇ ನಿಯಮದ ಮೊದಲ ಪುಟದ ಪ್ರಕಾರ ಪೈಲಟ್ ಅಂದರೆ ಒಂದು ಮೀಟರ್ ಎಂಬತ್ತು. ಅವನನ್ನೇ ಅಳತೆಗೋಲಾಗಿಟ್ಟರೆ ಬಂಡಿ ಹತ್ತು ಘನ ಮೀಟರ್. ಮುಗಿಯಿತು.

“ಅಳತೆ ಸರಿಯಾಗೇ ಇದೆ,” ಅಂದ ಇವೋ, ತಗಡಿನ ಚಾವಣಿ ನೋಡುತ್ತ.

“ಹಾಗಾದ್ರೆ ನನ್ನ ಪಟ್ಟಿ ಸುಳ್ಳು ಹೇಳತ್ತಾ?”

ಅವನು ಇಲ್ಲದ ಕನ್ನಡಕವನ್ನು ಬೆರಳಲ್ಲಿ ಮೇಲೆ ತಳ್ಳಿ, ಮೂಗಿನಿಂದ ಅವಳದೇ ದನಿ ತೆಗೆದ. “‘ಬಲೂನಿಗೂ ಒಂದು ಶಿಸ್ತು ಅಂತ ಇರತ್ತೆ, ಇವೋ.’”

ಬೆವ್‌ಗೆ ಕುಡಿಯುತ್ತಿದ್ದ ತಣ್ಣನೆ ಕಾಫಿ ನೆತ್ತಿಗೇರಿತು. ಮೆರಿನ್ ತುಟಿ ಕಚ್ಚಿಕೊಂಡಳು. ಈ ಮನುಷ್ಯನ ಮೇಲೆ ನೆಟ್ಟಗೆ ಎರಡು ನಿಮಿಷ ಕೋಪ ಮಾಡಿಕೊಳ್ಳಲೂ ಆಗುವುದಿಲ್ಲವಲ್ಲ ಎಂಬುದೇ ಅವಳ ದೊಡ್ಡ ಕೋಪ. ನಕ್ಕಳಾ ಎಂದು ಅವನು ಓರೆಗಣ್ಣಲ್ಲಿ ನೋಡಿದ. ಸಿಕ್ಕಿಬಿದ್ದೊಡನೆ ಆ ನೋಟವನ್ನು ಫ್ಯಾನಿನ ಮೇಲೆ ಒರೆಸಿಬಿಟ್ಟ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಪುಸ್ತಕ ಅಚ್ಚಿಗೆ ಹೋಗಬೇಕು. ಮೆಲ್ಬರ್ನಿನ ಕಲಾವಿದೆಯೊಬ್ಬಳು ಇವತ್ತೇ ಬರೆದುಕೊಡುತ್ತೇನೆ ಎಂದಿದ್ದಳು. ಅವಳಿಗೆ ಬರೆದ ಮೇಲ್ ಮೆರಿನ್‌ಳ ಫೋನಿನಲ್ಲಿ ಸಿದ್ಧವಾಗಿತ್ತು; ಒತ್ತುವುದೊಂದೇ ಬಾಕಿ. ಒತ್ತಿದರೆ ಇವೋ ಜಗಳವಾಡುವುದಿಲ್ಲ. ಚಿತ್ರ ಸುತ್ತಿಕೊಂಡು “ಸಿಗೋಣ” ಅನ್ನುತ್ತಾನೆ. ಮುಂದಿನ ಭಾನುವಾರ ಸಿಗುವುದಿಲ್ಲ. ಅದರಾಚೆಯದೂ ಇಲ್ಲ. ಈ ನಷ್ಟವನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ಅವಳಿಗೆ ತಿಳಿಯಲಿಲ್ಲ.

“ಆ ಕ್ರೇಟಾದ್ರೂ ತೆಗಿ,” ಅಂದಳು. “ಮೂರು ಸಾವಿರನೇ ಇಸವೀಲಿ ಹಾಲಿನ ಕ್ರೇಟ್ ಯಾಕೆ?”

“ಅದಿಲ್ದೆ ಪೈಲಟ್‌ಗೆ ಹತ್ತೋಕಾಗಲ್ಲ.”

“ಒಂದು ಎಂಬತ್ತು ಎತ್ತರ ಇರೋನಿಗೆ ಕ್ರೇಟ್ ಬೇಕಾ?”

ಇವೋ ಬಗ್ಗಿ ಪಟ್ಟೆಯೊಂದನ್ನು ಮತ್ತೆ ತಿದ್ದತೊಡಗಿದ. ಕಿವಿ ಎರಡೂ ಕೆಂಪಾದವು.

ಬೆವ್ ಚಪ್ಪಲಿ ಮೆಟ್ಟಿ ಎದ್ದಳು. “ಮೂವತ್ತು ವರ್ಷ ಹಾಲಿನ ಲಾರಿ ಓಡ್ಸಿದೀನಿ ಕಣೇ. ಕ್ರೇಟಿನ ಅಗಲ ಮೂವತ್ಮೂರು ಸೆಂಟಿಮೀಟರ್. ಮನುಷ್ಯರನ್ನ ನಂಬ್ಬೇಡ, ಕ್ರೇಟಿಂದ ಅಳೆ. ನಾನು ಬೇಕರಿಗೆ ಹೋಗಿ ಕ್ರೀಮ್ ಬನ್ ತರ್ತೀನಿ.” ಶಟರಿನ ಕೆಳಗೆ ಬಗ್ಗಿ ಬಿಸಿಲಿಗೆ ಹೋದಳು.

ಇವನ ಬಾಯಿ ಖಾಯಮ್ಮಾಗಿ ಮುಚ್ಚಿಸಲೆಂದೇ ಮೆರಿನ್ ಅಳೆದಳು. ಕಾಗದದ ಮೇಲೆ ಕ್ರೇಟು ಮೂವತ್ತಮೂರು ಮಿಲಿಮೀಟರ್. ಅಂದರೆ ಚಿತ್ರ ಸರಿಯಾಗಿ ಹತ್ತನೇ ಒಂದು ಪಾಲು. ಬಂಡಿ ಅಳೆದಳು. ಆರು ಘನ ಮೀಟರ್. ಒಂದು ಚಮಚ ಕಡಿಮೆಯೇ.

ಹಾಗಾದರೆ ಪೈಲಟ್? ಹಿಮ್ಮಡಿಯಿಂದ ಹೆಲ್ಮೆಟ್ಟಿನ ತುದಿಗೆ ನೂರೈವತ್ತೈದು ಮಿಲಿಮೀಟರ್. ಹೆಲ್ಮೆಟ್ಟಿನ ದಪ್ಪ ಮೂರು ಕಳೆದಳು.

ಒಂದು ಮೀಟರ್ ಐವತ್ತೆರಡು.

ಆ ಸಂಖ್ಯೆ ಅವಳಿಗೆ ಹದಿನೈದನೇ ವಯಸ್ಸಿನಿಂದ ಪರಿಚಯ. ಪ್ರತಿ ಪ್ಯಾಂಟಿನ ಕಾಲು ಮಡಚುವಾಗ ನೆನಪಾಗುವ ಸಂಖ್ಯೆ. ಹಾರ್ಡ್‌ವೇರ್ ಅಂಗಡಿಯ ಕೆಲಸದಲ್ಲಿ, ಮೇಲಿನ ಹಲಗೆಯ ಪೇಂಟ್ ಡಬ್ಬಿಗೆಂದು ಹಾಲಿನ ಕ್ರೇಟು ಹತ್ತುವಾಗಲೂ. ಚಿತ್ರದ ಪೈಲಟ್‌ನ ಹಿಂದಿನ ಜೇಬಿನಲ್ಲಿ ಹಳದಿಯದೇನೋ ಇತ್ತು. ಅವಳ ಕೈ ತಾನಾಗಿ ತನ್ನ ಹಿಂದಿನ ಜೇಬಿಗೆ ಹೋಯಿತು. ಹಳದಿ ಅಳತೆ ಟೇಪು ಅಲ್ಲೇ ಇತ್ತು.

“ಇದು ಬ್ಯಾಟರಿ ಅಂದ್ಕೊಂಡಿದ್ದೆ,” ಅಂದಳು ನಿಧಾನವಾಗಿ.

“ನೀನು ಐದು ಸಲ ನೋಡಿದೆ. ಐದು ಸಲವೂ ಬಂಡಿ ಹೊಟ್ಟೇನೇ ನೋಡಿದೆ.”

“ಬಾಯ್ಬಿಟ್ಟು ಹೇಳೋಕೇನಾಗಿತ್ತು?”

“ಪೈಲಟ್ ಒಂದು ಐವತ್ತೆರಡು ಅಂದಿದ್ರೆ, ಯಾರದು ಅಂತ ನೀನು ಕೇಳ್ತಿದ್ದೆ.”

“ಕೇಳ್ತಿದ್ದೆ.”

“ಅದಕ್ಕೇ.”

ಯಾರ ದನಿಯ ಅಣಕವೂ ಅಲ್ಲದ, ಅವನದೇ ದನಿ. ಎರಡು ವರ್ಷದಲ್ಲಿ ಅದು ಹೀಗೆ ಬರಿಗಾಲಲ್ಲಿ ಬಂದದ್ದನ್ನು ಅವಳು ಕೇಳಿರಲಿಲ್ಲ.

“ಪ್ರತಿ ಶನಿವಾರ ಅಂಗಡಿಗೆ ಬಂದು ಮೇಲಿನ ಹಲಗೆ ಬಿಳಿ ಪೇಂಟೇ ಬೇಕು ಅಂತೀಯ,” ಅಂದಳು ಮೆರಿನ್. “ಬೋರ್ಡ್ ಬರೆಯೋನಿಗೆ ಪೇಂಟ್ ಬೇಕು, ಸರಿ. ಆದ್ರೆ ನಿಂಗೇ ಕೈಗೆಟುಕತ್ತಲ್ಲ, ಇವೋ.”

“ಎಟುಕತ್ತೆ. ನಾನೇ ತಗೊಂಡ್ರೆ ನೀನು ಬರಲ್ವಲ್ಲ.” ಅವನು ಉಗುರಿನ ಪೇಂಟ್ ಕೆರೆದ. “ನೀನಂದ್ರೆ ನಂಗಿಷ್ಟ, ಮೆರಿನ್. ಚಿತ್ರ ಬೇಡ ಅಂದ್ರೆ ಬೇಡ. ಇದು ಮಾತ್ರ ಗೊತ್ತಿರಲಿ.”

ಮೆರಿನ್ ಫೋನ್ ತೆಗೆದು ಮೆಲ್ಬರ್ನಿನ ಮೇಲನ್ನು ಅಳಿಸಿದಳು. ಲೆಕ್ಕದ ಹಾಳೆಯಲ್ಲಿ ಬರೆದಳು: ಗಾತ್ರ, ಆರು. ಪೈಲಟ್‌ನ ಎತ್ತರ, ಒಂದು ಐವತ್ತೆರಡು. ಪಾಸ್.

“ಐದು ವಾರ, ಮಾರಾಯ. ನನ್ನ ಬೆನ್ನನ್ನೇ ನನ್ನ ಮುಂದಿಟ್ಟು ಐದು ವಾರ ನನ್ನ ಹತ್ರ ಬೈಸ್ಕೊಂಡಿದೀಯ. ಆ ಕ್ರೇಟ್ ಖಾಲಿ ಮಾಡು.”

ಮೇಜಿನ ಕೆಳಗೆ ಕಾಫಿ ಡಬ್ಬಿಗಳನ್ನು ತುಂಬಿದ ಕ್ರೇಟಿತ್ತು. “ಯಾಕೆ?”

“ಅದಕ್ಕೂ ಚಿತ್ರ ಬರೆದು ತೋರಿಸ್ಬೇಕಾ?”

ಅವನು ಡಬ್ಬಿಗಳನ್ನು ಒಂದೊಂದಾಗಿ ನೆಲಕ್ಕಿಳಿಸಿದ, ಕ್ರೇಟು ಬೋರಲು ಹಾಕಿ ತನ್ನೆದುರಿಗೆ ತಳ್ಳಿ ಎದ್ದು ನಿಂತ. ಅವಳು ಹತ್ತಿ ನಿಂತಳು. ಅವನ ಮುಖದವರೆಗೆ ಕಣ್ಣಲ್ಲೇ ಅಳೆದು ಹುಬ್ಬು ಗಂಟಿಕ್ಕಿದಳು.

“ಇನ್ನೂ ಒಂಬತ್ತು ಸೆಂಟಿಮೀಟರ್ ಕಮ್ಮಿ ಇದೆ.”

“ಅಷ್ಟು ನಾನು ಬಗ್ತೀನಿ,” ಅಂದ ಇವೋ.