ಖಾಲಿ ಚಾಳಿನ ಚಿತ್ರ

ಹುಬ್ಬಳ್ಳಿಯಲ್ಲಿ ಮುಚ್ಚಿಹೋಗಿದ್ದ ಒಂದು ನೂಲಿನ ಗಿರಣಿಯ ಕಾರ್ಮಿಕರ ಚಾಳಿನೆದುರು ‘ನಿರ್ಜನ’ ಎಂಬ ಹೆಸರಿನ ಕ್ಯಾಮೆರಾ ರಾತ್ರಿಯಿಡೀ ಬೆಳಕು ಹೀರುತ್ತ ನಿಂತಿತ್ತು. ಛಾಯಾಗ್ರಾಹಕ ವಸಂತ ಹೂಲಿ ಪಕ್ಕದಲ್ಲಿ ಕೂತು, ಚಾಳಿನ ಗಂಗವ್ವ ತಂದುಕೊಟ್ಟ ಚಹಾ ಕುಡಿಯುತ್ತಿದ್ದ. ಹಗ್ಗದ ಮೇಲಿನ ಬಟ್ಟೆ, ಬಾಗಿಲ ಮುಂದಿನ ಕೊಡಗಳನ್ನು ಅವನೇ ಒಳಗಿಡಿಸಿದ್ದ. ಮಸೂರದ ಮುಂದೆ ಓಡಾಡುವ ಮಕ್ಕಳನ್ನು ಮಾತ್ರ ತಡೆಯಲಿಲ್ಲ, ತಡೆಯುವ ಅಗತ್ಯವೂ ಇರಲಿಲ್ಲ. ಬೆಳಿಗ್ಗೆ ಚಿತ್ರದಲ್ಲಿ ಬೆಳದಿಂಗಳು, ಕಮಾನು, ಮುಚ್ಚಿದ ಬಾಗಿಲುಗಳಷ್ಟೇ ಇದ್ದವು.

ಆ ಕ್ಯಾಮೆರಾದೊಳಗೆ ಉಷ್ಣಶೋಧಕ ಫಲಕವೊಂದಿತ್ತು. ಮೈ ಬಿಸಿಯಿರುವ ಜೀವ ಎಲ್ಲಿ ಕಂಡರೂ ಅದನ್ನು ಅಳಿಸಿ, ಆ ಜಾಗದಲ್ಲಿ ಹಿಂದಿನ ಗೋಡೆಯನ್ನು ತುಂಬುತ್ತಿತ್ತು. ತೆಗೆದ ಚಿತ್ರವನ್ನು ಆಮೇಲೆ ಯಾರೂ ತಿದ್ದುವಂತಿರಲಿಲ್ಲ. ಸುಳ್ಳು ಚಿತ್ರಗಳು ಬೀದಿ ಬೀದಿಯಲ್ಲಿ ಸಿಗುತ್ತಿದ್ದ ಆ ಕಾಲದಲ್ಲಿ ಕಾನೂನು ನಂಬುತ್ತಿದ್ದುದು ಇಂಥ ಚಿತ್ರಗಳನ್ನೇ.

ಚಿತ್ರ ಪ್ರದರ್ಶನದಲ್ಲಿ ಹೆಸರು ಮಾಡಿತು. ಅದನ್ನು ನೋಡಿದ ಪುನರ್ವಸತಿ ಮಂಡಳಿಯವರು ಚಾಳು ಖಾಲಿಯಿದೆ, ಕೆಡವಬಹುದು, ಯಾರಿಗೂ ಬದಲಿ ಮನೆ ಕೊಡಬೇಕಾಗಿಲ್ಲ ಎಂದು ತೀರ್ಮಾನಿಸಿಬಿಟ್ಟರು. ಗಂಗವ್ವ ವಸಂತನ ಮನೆ ಹುಡುಕಿಕೊಂಡು ಬಂದಳು. ಅವಳು ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು.

“ನಾವು ಅಲ್ಲೇ ಇದ್ವಿ ಅಂತ ನೀವೊಂದು ಮಾತು ಹೇಳ್ರಿ ಸಾಹೇಬ್ರ. ನಮ್ಮಪ್ಪ ಈ ವಯಸ್ಸಿನಾಗ ಎಲ್ಲಿಗೆ ಹೋಗಬೇಕು?”

ವಸಂತ ಮಂಡಳಿಗೆ ಹೋಗಿ ಹೇಳಿದ. ಬಾಯಿಮಾತು ನಡೆಯುವುದಿಲ್ಲ, ಬಟ್ಟೆ ಪಾತ್ರೆಗಳೂ ಸಾಕ್ಷಿಯಲ್ಲ, ಚಿತ್ರದಲ್ಲಿ ಮನುಷ್ಯರೇ ಕಾಣಬೇಕು ಎಂದರು ಅಲ್ಲಿಯವರು. ಅವನು ಕ್ಯಾಮೆರಾ ರೂಪಿಸಿದ ವಿಜ್ಞಾನಿ ಸುಮಿತ್ರಾ ಬೆಟಗೇರಿಯವರ ಬಳಿಗೆ ಓಡಿ, ಅಳಿಸಿದ ಜನರನ್ನು ಮರಳಿ ತರಬಹುದೇ ಎಂದು ಕೇಳಿದ.

“ಅಳಿಸಿದ್ದನ್ನ ಅದು ಇಟ್ಟುಕೊಳ್ಳೂದಿಲ್ರೀ,” ಎಂದರು ಅವರು. “ಚಿತ್ರದಾಗ ಮನುಷ್ಯಾರು ಬ್ಯಾಡ ಅಂತ ಕೇಳಿದಾವ್ರು ನಿಮ್ಮಂಥಾವ್ರ ಅಲ್ಲೇನು?”

ಆದರೂ ಅವರು ಮಂಡಳಿಗೆ ವಿಷಯ ವಿವರಿಸಿ ಮರುಪರೀಕ್ಷೆ ಕೊಡಿಸಿದರು. ಆದರೆ ನಿಯಮ ಒಪ್ಪುವುದು ಅದೊಂದೇ ಕ್ಯಾಮೆರಾವನ್ನು. ಮರುಪರೀಕ್ಷೆಗೂ ಅದೇ ಬಂದು ನಿಂತಿತು. ಸರ್ಕಾರಿ ತಲೆಗೆ ಅದರಲ್ಲೇನೂ ತಪ್ಪು ಕಾಣಲಿಲ್ಲ.

ಮರುಪರೀಕ್ಷೆಯ ರಾತ್ರಿ ಮೈ ಕೊರೆಯುವ ಚಳಿ. ಕದಲದೆ ಕೂತರೆ ನೆರಳಾದರೂ ಉಳಿದೀತು ಎಂಬ ಆಸೆಯಿಂದ ಚಾಳಿನವರೆಲ್ಲ ಅಂಗಳದಲ್ಲಿ ಕೂತರು. ವಸಂತನೂ ಅವರ ನಡುವೆ ಕೂತ. ಗಂಗವ್ವನ ಅಪ್ಪ ಫಕೀರಪ್ಪನಿಗೆ ಒಳಗೆ ಹೋಗೆಂದು ಹೇಳಿ ಎಲ್ಲರಿಗೂ ಸಾಕಾಯಿತು. ಚಾಳಿಗೆ ಎಲ್ಲರಿಗಿಂತ ಹಳಬನಾದ ತಾನೇ ಕಾಣದಿದ್ದರೆ ಹೇಗೆ ಎಂದು ಮುದುಕ ಹಟ ಹಿಡಿದು, ಕಂಬಳಿ ಹೊದ್ದು, ಕಟ್ಟೆಯ ಮೇಲೆ ಗೋಡೆಗೆ ಒರಗಿದ. ಬೆಳಗಾದರೂ ಹಾಗೇ ಇದ್ದ. ನಿದ್ದೆಹೋಗಿದ್ದಾನೆಂದು ಯಾರೂ ಎಬ್ಬಿಸಲಿಲ್ಲ.

ಮಂಡಳಿಯ ಅಧಿಕಾರಿ ಅಂಗಳದಲ್ಲೇ ಪರದೆಯ ಮೇಲೆ ಚಿತ್ರ ತೆರೆದ. ಗಂಗವ್ವನಿಲ್ಲ, ಮಕ್ಕಳಿಲ್ಲ, ವಸಂತನೂ ಇಲ್ಲ. ಕಟ್ಟೆಯ ಮೇಲೆ ಫಕೀರಪ್ಪನೊಬ್ಬ ಕಂಬಳಿಯ ಮಡಿಕೆ ಸಮೇತ ಸ್ಪಷ್ಟವಾಗಿ ಕಾಣುತ್ತಿದ್ದ.

“ನಮ್ಮಪ್ಪ ಅದಾನ ನೋಡ್ರಿ,” ಎಂದು ಗಂಗವ್ವ ಎಲ್ಲರನ್ನೂ ಕರೆದಳು.

ವಸಂತ ಕಟ್ಟೆಯತ್ತ ತಿರುಗಿ ನೋಡಿದ. ಮೈ ಬಿಸಿಯಿದ್ದ ಒಬ್ಬರನ್ನೂ ಆ ಕ್ಯಾಮೆರಾ ಉಳಿಸಿದ್ದಿಲ್ಲ.

ಒಬ್ಬ ನಿವಾಸಿ ಇರುವುದು ರುಜುವಾತಾಗಿದೆ, ಅವನ ಹೆಸರಿಗೆ ಮನೆ ಮಂಜೂರಾಗುತ್ತದೆ ಎಂದು ಅಧಿಕಾರಿ ತಿಳಿಸಿದ. ವಸಂತ ಬಾಯಿ ತೆರೆಯುವಷ್ಟರಲ್ಲಿ ಗಂಗವ್ವ ಅಪ್ಪನನ್ನು ಎಬ್ಬಿಸಿ ಸುದ್ದಿ ಹೇಳಲು ಕಟ್ಟೆಯತ್ತ ಓಡಿದ್ದಳು.