ಅಲೆ ತಗ್ಗುವ ತನಕ

"ಇವತ್ತು ಪ್ರವಾಸಿಗರು ಯಾರೂ ಇಲ್ಲ. ದೊಡ್ಡ ಗುಹೆಗೆ ನಾವಿಬ್ಬರೇ ಹೋಗಿ ಬರೋಣ. ನಿನ್ನ ಹತ್ರ ಒಂದು ಮಾತಾಡಬೇಕು," ಎಂದು ಅವನು ಹೇಳಿದಾಗ ಅವಳು ಲೈಫ್ ಜಾಕೆಟ್ಟಿನ ಬಕಲ್ಲನ್ನು ತಪ್ಪಾಗಿ ಸಿಕ್ಕಿಸಿಕೊಂಡಳು.

"ನಾಲ್ಕು ಜನಕ್ಕೆ ಕಲಿಸೋಳು ನೀನು," ಎಂದು ನಕ್ಕು ಅವನೇ ಬಿಚ್ಚಿ ಸರಿಯಾಗಿ ಹಾಕಿದ. ಕಣ್ಣು ಮಾತ್ರ ಅವಳ ಮುಖದಿಂದ ಜಾರಿ ಎಲ್ಲೋ ಹೋಯಿತು. ನಾಚಿಕೆ ಎಂದುಕೊಂಡಳು.

ಇಬ್ಬರೂ ಗೈಡುಗಳು. ಆ ಬಂಡೆಗಲ್ಲಿನ ತೀರದ ಗುಹೆಗಳಿಗೆ ಜನರನ್ನು ಕಯಾಕ್ ಎಂಬ ಕಿರುದೋಣಿಯಲ್ಲಿ ಕರೆದೊಯ್ಯುವುದು ಅವರ ಕೆಲಸ. ಜೋಡಿ ಕಯಾಕಿನಲ್ಲಿ ಮುಂದೆ ಅವಳು, ಹಿಂದೆ ಅವನು. ಅವಳ ಹುಟ್ಟಿನ ಲಯಕ್ಕೆ ಅವನ ಹುಟ್ಟು ತಪ್ಪದೆ ಬೀಳುತ್ತಿತ್ತು. ಅಷ್ಟಕ್ಕೇ ಅವಳು ಮನಸ್ಸಿನೊಳಗೆ ಸಂಸಾರ ಹೂಡಿಬಿಟ್ಟಿದ್ದಳು.

ತಲೆ ಬಗ್ಗಿಸಿ ಗುಹೆ ಹೊಕ್ಕರೆ ನೀರು ತಳದಿಂದ ಹಸಿರಾಗಿ ಬೆಳಗುತ್ತಿತ್ತು. ಬೆಳಕು ಕಲ್ಲಿನ ಚಾವಣಿಯ ಮೇಲೆ ನಡುಗುತ್ತಿತ್ತು. ಅಷ್ಟರಲ್ಲಿ ಹೊರಗೆ ದೊಡ್ಡ ಅಲೆಗಳು ಎದ್ದವು. ನೀರು ಉಬ್ಬಿದಾಗಲೆಲ್ಲ ಗುಹೆಯ ಬಾಯಿ ಮುಚ್ಚಿಹೋಗುತ್ತಿತ್ತು.

"ತಗ್ಗೋ ತನಕ ಕಾಯೋಣ. ಏನೋ ಮಾತಾಡಬೇಕು ಅಂದೆಯಲ್ಲ, ಹೇಳು."

"ಹೇಗೆ ಶುರು ಮಾಡೋದು ಅಂತ ಗೊತ್ತಾಗ್ತಿಲ್ಲ."

"ನಾಲಿಗೆ ಮನೇಲಿ ಬಿಟ್ಟು ಬಂದ್ಯಾ?" ಎಂದಳು.

"ನಿನ್ನ ತಂಗಿ," ಎಂದ ಅವನು. "ರಜೆಗೆ ಅಂತ ಬಂದಳಲ್ಲ, ಅವತ್ತಿಂದ ನಂಗೆ ಬೇರೆ ಯೋಚನೇನೇ ಇಲ್ಲ. ನೀನು ಒಂದು ಮಾತು ಹೇಳಿದ್ರೆ ನಿಮ್ಮನೇಲೂ ಒಪ್ತಾರೆ."

ಅವಳು ತಿರುಗಲಿಲ್ಲ. ಮುಂದೆ ಕೂತವರ ಮುಖ ಹಿಂದಿನವರಿಗೆ ಕಾಣುವುದಿಲ್ಲ, ಅದೊಂದೇ ಪುಣ್ಯ.

"ನನ್ನನ್ನೇ ಕೇಳ್ತೀಯ ಅಂದುಕೊಂಡಿದ್ದೆ," ಎಂದಳು ನಿಧಾನವಾಗಿ.

ಅವನ ಹುಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ನಂಗೆ ಗೊತ್ತಿರಲಿಲ್ಲ ಕಣೇ," ಎಂದ.

"ಗೊತ್ತಿತ್ತು. ಅದಕ್ಕೇ ಬಕಲ್ ಹಾಕುವಾಗ ನನ್ನ ಮುಖ ನೋಡಲಿಲ್ಲ."

ಅವನು ಇಲ್ಲ ಎನ್ನಲಿಲ್ಲ. ತಂಗಿಯನ್ನು ಬಯಸಿದ್ದಕ್ಕಿಂತ ಆ ಮೌನವೇ ಅವಳಿಗೆ ಹೆಚ್ಚು ಕಹಿಯಾಯಿತು.

ಅಲೆ ತಗ್ಗಿತು. "ಈಗ ಹೊರಡು," ಎಂದಳು. ಲಯ ತಪ್ಪಿದರೆ ಬಂಡೆಗೆ ಬಡಿಯುವುದೇ. ಇಬ್ಬರ ಹುಟ್ಟೂ ಒಟ್ಟಿಗೇ ಬಿದ್ದು ಒಟ್ಟಿಗೇ ಎದ್ದವು. ಅವರಿಬ್ಬರೂ ಇಷ್ಟು ಚೆನ್ನಾಗಿ ಎಂದೂ ಹೊಂದಿಕೊಂಡಿರಲಿಲ್ಲ.

ದಡದಲ್ಲಿ ತಂಗಿ ಮೊಣಕಾಲುದ್ದ ನೀರಿಗಿಳಿದು ಕಯಾಕ್ ಹಿಡಿದುಕೊಂಡಳು. "ಅಕ್ಕಾ, ಯಾಕೆ ಕಣ್ಣೆಲ್ಲ ಕೆಂಪಗಾಗಿದೆ?"

"ಉಪ್ಪುನೀರು ಬಿತ್ತು ಕಣೇ."

ಉತ್ತರ ಮುಗಿಯುವ ಮೊದಲೇ ತಂಗಿಯ ನೋಟ ಅವಳ ಭುಜ ದಾಟಿ ಹಿಂದಕ್ಕೆ ಹೋಗಿತ್ತು.

"ಅವನು ನಿನ್ನ ಏನೋ ಕೇಳಬೇಕಂತೆ. ಅವನ ಬಾಯಿಂದಲೇ ಕೇಳು," ಎಂದು ಅವಳು ಹುಟ್ಟನ್ನು ಹೆಗಲಿಗೇರಿಸಿ ಶೆಡ್ಡಿನ ಕಡೆ ನಡೆದಳು.

ಬೆನ್ನ ಹಿಂದೆ ತಂಗಿ ನಕ್ಕಿದ್ದು ಕೇಳಿಸಿತು. ಆ ನಗುವಿನಲ್ಲಿ ಅಚ್ಚರಿ ಇರಲಿಲ್ಲ.