ಟವೆಲ್ ಹಾಸಿದ ಸೀಟು

ಅಫಜಲಪುರದ ಚರಿತ್ರೆಯಲ್ಲಿ ಬರೆದಿಡಲೇಬೇಕಾದ ಘಟನೆಯೊಂದು 1997ರ ಮಾರ್ಚ್ ಮೂರರ ಸಂಜೆ ಬಸ್ ನಿಲ್ದಾಣದೆದುರು ಜರುಗಿತು: ಒಂದು ಕಾರಿನ ಸೀಟಿನ ಮೇಲೆ ಟವೆಲ್ ಹಾಸಲಾಗಿತ್ತು.

ಮೇಲೆ ಟಾಪಿಲ್ಲದ, ಎರಡೇ ಸೀಟಿನ ಆ ಕೆಂಪು ಕಾರನ್ನು ಐಟಿಐ ಮಾಸ್ತರ ವ್ಯಂಕಟೇಶ ತಾನೇ ಕಟ್ಟಿದ್ದ. ಸಪಾಟು ರಸ್ತೆಗೆ ಬ್ಯಾಟರಿ, ದಿಬ್ಬಕ್ಕೆ ಸ್ಕೂಟರಿನ ಎಂಜಿನ್.

ಗಾಣಗಾಪುರದ ಬಸ್ಸಿಗೆ ಕಾಯುತ್ತಿದ್ದ ಪೋಸ್ಟಾಫೀಸಿನ ಪ್ರಮಿಲಾಳ ಮುಂದೆ ಅದು ಸದ್ದಿಲ್ಲದೆ ಬಂದು ನಿಂತಿತು. ಅವಳು ಬೆಚ್ಚಿಬಿದ್ದಳು!

"ಹಾರ್ನರೆ ಹೊಡೀರಿ! ದೆವ್ವ ಬಂದಂಗ ಬರ್ತೀರಲ್ಲ..."

"ಬ್ಯಾಟರಿ ಮ್ಯಾಲ ಆವಾಜ್ ಬರೂದಿಲ್ರಿ. ಎಂಜಿನ್ನೂ ಕೂಡಿದ್ರ ತಾಸಿಗೆ ಅರವತ್ತು ಕಿಲೋಮೀಟರ್ ಓಡ್ತದ." ಅವನ ಕಿವಿ ಕೆಂಪಾದವು. "ನಾನೂ ಗಾಣಗಾಪುರಕ್ಕೇ ಹೊಂಟೇನಿ..."

ಪ್ರಮಿಲಾ ಅವನ ಪಕ್ಕದ ಸೀಟು ನೋಡಿದಳು. ಟವೆಲ್! ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುವ ಈ ಸೀಮೆಯಲ್ಲಿ, ಟವೆಲ್ ಬಿದ್ದ ಸೀಟಿನಲ್ಲಿ ತಹಶೀಲ್ದಾರರೂ ಕೂರುವುದಿಲ್ಲ.

"ಹೋಗ್ರಿ. ಯಾರೋ ಕಾಯಾಕತ್ತಿರಬೇಕು."

ಅವನು ತಲೆ ತಗ್ಗಿಸಿ ಹೋದ.

ಮರುದಿನವೂ ಬಂದ. ಅದರ ಮರುದಿನವೂ... ಟವೆಲ್ ಇದ್ದೇ ಇತ್ತು. ಗಾಣಗಾಪುರದ ಬಾಡಿಗೆ ಕೋಣೆಯಲ್ಲಿ ಒಂದೇ ತಾಟು ತೊಳೆದಿಡುವಾಗ ಪ್ರಮಿಲಾಗೆ ಅದೇ ಯೋಚನೆ. 'ಯಾರಿರಬಹುದು ಅವಳು? ಇರಲಿ. ನನಗೇನು?' ಏನೂ ಇಲ್ಲದ್ದಕ್ಕೆ ನಿದ್ದೆ ಮಾತ್ರ ಬರುತ್ತಿರಲಿಲ್ಲ.

ಏಪ್ರಿಲ್ ಕೊನೆಗೆ ಅವಳಿಗೆ ಜೇವರ್ಗಿಗೆ ವರ್ಗವಾಯಿತು. ಕೊನೆಯ ಸಂಜೆ ಅವಳೇ ಕಾರಿಗೆ ಅಡ್ಡ ನಿಂತಳು.

"ನಾಳಿಂದ ನಾ ಇಲ್ಲಿರೂದಿಲ್ಲ. ಖರೇ ಹೇಳ್ರಿ, ಈ ಸೀಟು ಯಾರಿಗಂತ ಹಿಡದೀರಿ?"

"ಹಿಡದೇನಿ? ನಾನು?"

"ಟವೆಲ್ ಹಾಕೀರಲ್ರಿ!"

ವ್ಯಂಕಟೇಶ ಕಣ್ಣು ಪಿಳಿಪಿಳಿ ಬಿಟ್ಟ. "ಮುಟ್ಟಿ ನೋಡ್ರಿ."

ಮುಟ್ಟಿದಳು. ಒದ್ದೆ. ತಂಪು.

"ರೆಕ್ಸಿನ್ ಬಿಸಲಿಗೆ ಹಂಚಿನಂಗ ಕಾಯ್ತದ್ರಿ. ನಿಮಗ ಸುಡಬಾರದಂತ ದಿನಾ ತೋಯಿಸಿ ಹಾಸ್ತೇನಿ. ನೀವು ಹತ್ತಲೇ ಇಲ್ಲ... ಗಾಣಗಾಪುರ ಮುಟ್ಟೂದ್ರಾಗ ಒಣಗಿ ಹೋಗಿರ್ತದ."

"ಅಲ್ಲಿ ಏನ್ ಕೆಲಸ ನಿಮಗ?"

"ಏನಿಲ್ರಿ. ಹೊಳ್ಳಿ ಬರ್ತೇನಿ. ನನ್ನ ಮನಿ ಇಲ್ಲೇ ಅದ."

ಎರಡು ತಿಂಗಳು... ಹೋಗುವಾಗ ಒಬ್ಬನೇ, ಬರುವಾಗ ಒಬ್ಬನೇ! ಪ್ರಮಿಲಾಳ ಕಣ್ಣು ತುಂಬಿದವು.

"ಮತ್ತ ನಿಮ್ಮ ಸೀಟಿಗೆ?"

"ಒಂದೇ ಟವೆಲ್ ಇತ್ತು."

ಅವಳು ಹತ್ತಿ ಕುಳಿತಳು. ಸೀರೆ ತೋಯ್ದಿತು.

"ಬಾಯಿ ಬಿಟ್ಟು ಹೇಳಾಕ ಏನಾಗಿತ್ರಿ, ಮಾಸ್ತರ?"

"ಕಾರಿನ ವಿಷಯ ಆದ್ರ ಹೇಳಾಕ ಬರ್ತದ್ರಿ..."

"ಕಾರಿಂದೇ ಹೇಳ್ರಿ. ಜೇವರ್ಗಿ ತನಕ ಬರ್ತದೇನು? ದಿನಾ?"

"ಬರ್ತದ್ರಿ." ಅವಳ ಕಡೆ ತಿರುಗಿ, "ಬರ್ತೇನಿ," ಎಂದ.

ಇಬ್ಬರನ್ನು ಹೊತ್ತು ಆ ಕಾರು ಎಂದೂ ಓಡಿರಲಿಲ್ಲ. ಮೊದಲ ದಿಬ್ಬದಲ್ಲೇ ನಿಂತಿತು. ಇಬ್ಬರೂ ಇಳಿದು ತಳ್ಳಿದರು.